ಸ್ಯಾಕ್ಸನ್ನರ ಮನಿ ಒಡೆದದ್ದು

ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ಅಫ್ಸರ ಮತ್ತು ಅವನ ಹೆಂಡತಿ ಆಯೇಶಾ ಕಂಪ್ಯೂಟರ್ ಸೆಂಟರ್ ತೆರೆದದ್ದು ಎರಡು ಸಾವಿರದ ಐದರಲ್ಲಿ. ವಾರವಿಡೀ ಅರ್ಜಿ ಟೈಪಿಂಗು, ರಿಸಲ್ಟ್ ನೋಡುವವರ ಗದ್ದಲ. ಭಾನುವಾರ ಮಾತ್ರ ಬಾಗಿಲು ಅರ್ಧ ಮುಚ್ಚಿ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಯುದ್ಧದ ಆಟ. ರೋಮನ್ನರು ಬಿಟ್ಟುಹೋದ ಬ್ರಿಟನ್ ಯಾರದು ಎನ್ನುವುದೇ ಜಗಳ.

ಪವರ್‌ಲೂಮ್ ಇಟ್ಟಿದ್ದ ವೀರೇಶ ಆಟದಲ್ಲಿ ಯಾವಾಗಲೂ ಇಂಗ್ಲಿಷರ ಪೂರ್ವಜರಾದ ಸ್ಯಾಕ್ಸನ್ನರ ರಾಜ. ಹುನಗುಂದದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅನುರಾಧಾಳದು ಪಶ್ಚಿಮದ ವೇಲ್ಸ್. ಆಯೇಶಾಳ ಪಾಲಿಗೆ ಉತ್ತರದ ಗುಡ್ಡಗಾಡಿನ ಪಿಕ್ಟರು, ಅಫ್ಸರನಿಗೆ ಐರ್ಲೆಂಡಿನ ಗೇಲರು. ಎಲ್ಲರೂ ಊಟಕ್ಕೆ ಏಳುವಷ್ಟರಲ್ಲಿ ದ್ವೀಪವೆಲ್ಲ ವೀರೇಶನದಾಗಿರುತ್ತಿತ್ತು.

"ನಾ ಇನ್ನ ಆಡಂಗಿಲ್ಲ," ಎಂದು ಆಯೇಶಾ ಒಂದು ದಿನ ಮೌಸ್ ತಳ್ಳಿದಳು. "ಈ ಪಿಕ್ಟ್ ಮಂದಿ ಹುಟ್ಟೂದ ಸಾಯಾಕ."

"ಆಡಾಕ ಬರಂಗಿಲ್ಲ ಅನ್ರಿ ಭಾಬಿ," ವೀರೇಶ ನಕ್ಕ.

ಪ್ರತಿ ಸೈನ್ಯದ ಬಲವೂ ಒಂದು ಸಾದಾ ಫೈಲಿನಲ್ಲಿ ಅಂಕಿಗಳಾಗಿ ಕೂತಿರುವುದು ಅಫ್ಸರನಿಗೆ ಗೊತ್ತಿತ್ತು. ಪಿಕ್ಟರ ಬಲವನ್ನು ದುಪ್ಪಟ್ಟು ಮಾಡಿದ. ಮುಂದಿನ ವಾರ ಚಹಾ ಬರುವ ಮೊದಲೇ ಆಯೇಶಾ ಮೂವರನ್ನೂ ಸುಟ್ಟು ಬೂದಿ ಮಾಡಿದಳು. ಅದರ ಮುಂದಿನ ವಾರ ಎಲ್ಲರಿಗೂ ಪಿಕ್ಟರೇ ಬೇಕು! ಆ ಕುರ್ಚಿಗಾಗಿ ತಳ್ಳಾಟ.

"ಬಡವಾದವರಿಗೆ ಬಲಾ ತುಂಬಿದ್ರ ಮುಗೀತೇನ್ರಿ?" ಎಂದಳು ಅನುರಾಧಾ. "ಸ್ಯಾಕ್ಸನ್ನರು ಆಗ ಒಬ್ಬ ರಾಜನ ಕೈಯಾಗ ಎಲ್ಲಿದ್ರು? ಮರ್ಸಿಯಾ, ವೆಸೆಕ್ಸ್, ನಾರ್ಥಂಬ್ರಿಯಾ ಅಂತ ಬ್ಯಾರೆ ಬ್ಯಾರೆ. ತಮ್ಮತಮ್ಮಾಗ ಬಡದಾಡೂದ ಭಾಳ ಇತ್ತು."

ಅಫ್ಸರ ಹಳೆಯ ಅಂಕಿಗಳನ್ನೇ ಮರಳಿ ಬರೆದು, ಸ್ಯಾಕ್ಸನ್ನರನ್ನು ಒಡೆದ. ವೀರೇಶನಿಗೆ ನಟ್ಟನಡುವಿನ ಮರ್ಸಿಯಾ ಉಳಿಯಿತು. ಗೇಲರನ್ನು ಬಿಟ್ಟು, ಉತ್ತರದ ನಾರ್ಥಂಬ್ರಿಯಾವನ್ನು ಅಫ್ಸರನೇ ಇಟ್ಟುಕೊಂಡ. ಉಳಿದ ರಾಜ್ಯಗಳು ಕಂಪ್ಯೂಟರಿನ ಪಾಲು.

"ನನ್ನ ಮನೀನ ಒಡದೆಲ್ಲೋ ಅಫ್ಸರ!" ವೀರೇಶ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಹಲವು ಭಾನುವಾರ ಅವನ ಸುಳಿವಿಲ್ಲ. ಮೂವರಿಗೂ ಆಟ ಸಪ್ಪೆಯಾಯಿತು. ಕಡೆಗೆ ಆಯೇಶಾ ಸೀರೆ ನೋಡುವ ನೆವದಲ್ಲಿ ಅವನ ಶೆಡ್ಡಿಗೇ ಹೋದಳು. ಮಗ್ಗಗಳ ಸದ್ದನ್ನು ಮೀರಿಸಿ ಕೂಗಿದಳು: "ಸೋಲ್ತೀನಂತ ಹೆದ್ರೀರೇನ್ರಿ?"

"ಯಾರು, ನಾನಾ?"

ಆ ಭಾನುವಾರ ವೀರೇಶ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಆದರೆ ಮರ್ಸಿಯಾಕ್ಕೆ ಸುತ್ತಲೂ ಹಗೆಗಳೇ. ಉತ್ತರದಿಂದ ಅಫ್ಸರನ ಸೈನ್ಯ ಇಳಿಯುತ್ತಿತ್ತು. ವೀರೇಶ ಗಲ್ಲ ಕೆರೆದುಕೊಂಡ. ಈವರೆಗೆ ಆಟದಲ್ಲಿ ಅವನು ಯಾರ ನೆರವನ್ನೂ ಕೇಳಿದವನಲ್ಲ. ಈಗ ಕುರ್ಚಿ ತಿರುಗಿಸಿ ಮೆಲ್ಲಗೆ ಹೇಳಿದ:

"ಟೀಚರ್, ನನ್ನ ಮ್ಯಾಲೆ ಬರಬ್ಯಾಡ್ರಿ. ಇಬ್ರೂ ಕೂಡಿ ಇವನ್ನ ಮುಗಸೂಣು."

ಅನುರಾಧಾ ಜೋರಾಗಿ ನಕ್ಕಳು. "ಖರೇನೂ ಹಿಂಗ ಆಗೇತ್ರಿ! ಮರ್ಸಿಯಾದಾಂವಾ, ವೇಲ್ಸಿನ ರಾಜಾ ಕೂಡೇ ನಾರ್ಥಂಬ್ರಿಯಾ ಸೋಲ್ಸಿದ್ರು."

"ಹಂಗಾರ ತಡಾ ಯಾಕ?"

ಪಶ್ಚಿಮದಿಂದ ಅವಳು, ದಕ್ಷಿಣದಿಂದ ಅವನು. "ಮೋಸ! ಮೋಸ!" ಎಂದು ಅಫ್ಸರ ಮೇಜು ಬಡಿದರೂ ಅವನ ಕೋಟೆ ಉರುಳಿತು. ವೀರೇಶ ಅನುರಾಧಾಳತ್ತ ಕೈ ಮುಗಿದ. ದ್ವೀಪವನ್ನು ಒಬ್ಬನೇ ನುಂಗಿದಾಗಲೂ ಅವನ ಮುಖ ಹೀಗೆ ಅರಳಿರಲಿಲ್ಲ.

ಮಧ್ಯಾಹ್ನ ದಾಟಿದರೂ ದ್ವೀಪ ಯಾರದೂ ಆಗಲಿಲ್ಲ. ಅಫ್ಸರ ಒಗ್ಗರಣೆ ಅವಲಕ್ಕಿ ತಂದಿಟ್ಟ. ವೀರೇಶ ತಟ್ಟೆ ಹಿಡಿದುಕೊಂಡೇ ಅನುರಾಧಾಳ ಪರದೆಯತ್ತ ಬಗ್ಗಿ, ವೆಸೆಕ್ಸನ್ನು ಹೇಗೆ ಹಂಚಿಕೊಳ್ಳಬೇಕೆಂದು ಚೌಕಾಶಿಗೆ ಇಳಿದ.