ಪಾನಕ ಕುಡಿದ ತಂಗಡಿ

ತ್ಯಾಗರಾಜನಗರದಲ್ಲಿ ಭಜನೆ ಮಂದಿರದ ಹಿಂದೆ ಒಂದು ಬಂಡೆ ಜಾಗ. ಅದರ ಮಗ್ಗುಲಲ್ಲೇ ನನ್ನ ಇಸ್ತ್ರಿ ಗಾಡಿ. ಬಂಡೆಯ ಸಂದಿನಲ್ಲಿ ನಾಲ್ಕಾರು ತಂಗಡಿ ಗಿಡಗಳು. ಕೊಂಬೆಗಳ ನಡುವೆ ಕೊಳೆಬಟ್ಟೆಯ ಉಂಡೆ ಸಿಕ್ಕಿಕೊಂಡಂತೆ ಜೇಡದ ಗೂಡು; ಒಳಗೆ ಜೇಡಗಳೆಲ್ಲ ಒಟ್ಟು ಕುಟುಂಬದ ಹಾಗೆ ಇರುತ್ತಿದ್ದವು.

ಅದನ್ನು ನೋಡಲು ಶಿವರಂಜಿನಿ ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿ. ಗಿಡಗಳ ಮೇಲೆ ಮಳೆ ಬೀಳದಂತೆ ಪ್ಲಾಸ್ಟಿಕ್ ಶೀಟಿನ ಚಪ್ಪರ ಹಾಕಿ, ಸುತ್ತ ಹಗ್ಗ ಕಟ್ಟಿದ್ದಳು. ನೀರೇ ಇಲ್ಲದಿದ್ದರೆ ಗಿಡ ಎಷ್ಟು ತಡೆದೀತು, ಗಿಡಕ್ಕೆ ಬರುವ ಹುಳು ಕಮ್ಮಿಯಾದರೆ ಜೇಡ ಹೇಗೆ ಬದುಕೀತು ಎಂದು ನೋಡುತ್ತಿದ್ದಳು. ಅದು ಮೂರನೆಯ ಬೇಸಿಗೆ, ಕೊನೆಯದು.

"ಮಳೆಗಾಲದವರೆಗೂ ಈ ಗೂಡು ಉಳಿದ್ರೆ ಸಾಕು ದೊರೆಸ್ವಾಮಣ್ಣ. ಕನಕಪುರದ ಕಡೆ ಇದ್ದಿದ್ದು ಕ್ವಾರಿಗೆ ಹೋಯ್ತು. ನಂಗಿನ್ನು ಇದೊಂದೇ."

"ಎಲ್ರೂ ಜೇಡ ಕಂಡ್ರೆ ಪೊರಕೆ ಹಿಡೀತಾರೆ. ನೀನು ಸಾಕ್ತಿದೀಯಲ್ಲವ್ವ."

"ನಮ್ಮಮ್ಮನೂ ಅದೇ ಅಂತಾರೆ. ಹೆಣ್ಣು ನೋಡಕ್ಕೆ ಬಂದೋರ ಹತ್ರ ಇದನ್ನ ಹೇಳ್ಬೇಡ ಅಂತ."

ಮಂದಿರದ ಉಸ್ತುವಾರಿ ಎದುರು ಮನೆಯ ರಂಗನಾಯಕಮ್ಮನವರದು. ರಾಮನವಮಿಯಲ್ಲಿ ಪಾನಕ ಮಿಕ್ಕರೆ ಮೋರಿಗೆ ಚೆಲ್ಲುವಂತಿಲ್ಲ, ಕಾಲಿಗೆ ಸಿಗುವ ಕಡೆ ಸುರಿಯುವಂತಿಲ್ಲ. ಯಾವತ್ತೂ ಅದು ಅರಳಿಮರದ ಬುಡಕ್ಕೆ. ಆ ವರ್ಷ ಯಾರೋ ಭಕ್ತರು ಕಟ್ಟೆಗೆ ಗ್ರಾನೈಟ್ ಹಾಕಿಸಿದ್ದರು. ಬುಡದವರೆಗೂ ಕಲ್ಲು, ಬೊಗಸೆ ಮಣ್ಣಿಲ್ಲ. ಹಬ್ಬಕ್ಕೆ ನಾನು ಚಾಮರಾಜಪೇಟೆಯ ತಂಗಿ ಮನೆಗೆ ಹೋಗಿದ್ದೆ. ರಂಗನಾಯಕಮ್ಮ ಸುತ್ತ ನೋಡಿದ್ದಾರೆ. ನಾಯಿ ನುಗ್ಗದ, ಯಾರೂ ತುಳಿಯದ ಮಣ್ಣು ಹಗ್ಗದೊಳಗೇ ಕಂಡಿದೆ. ಪಾನಕದ ಕೊಳದಪ್ಪಲೆಯನ್ನು ಅಲ್ಲೇ ಬಗ್ಗಿಸಿದ್ದಾರೆ.

ಮಾರನೆಯ ಬೆಳಿಗ್ಗೆ ನಾನು ಬಂದಾಗ ಶಿವರಂಜಿನಿ ಮಂಡಿಯೂರಿ ಕೂತಿದ್ದಳು. ಬೆಲ್ಲಕ್ಕೆ ಬಂದ ಕಟ್ಟಿರುವೆ ಕಾಂಡ ಹತ್ತಿ ಗೂಡಿಗೆ ನುಗ್ಗಿತ್ತು. ಬೆಳ್ಳನೆಯ ಮೊಟ್ಟೆಚೀಲಗಳನ್ನು ಕಚ್ಚಿಕೊಂಡು ಸಾಲು ಕೆಳಗಿಳಿಯುತ್ತಿತ್ತು.

"ಬೂದಿ ಇದ್ಯಾ ಅಣ್ಣ?"

ಇಸ್ತ್ರಿಪೆಟ್ಟಿಗೆಯ ಬೂದಿಯನ್ನೆಲ್ಲ ತಂದು ಬುಡದ ಸುತ್ತ ಸುರಿದೆವು. ಹೊಸ ಸಾಲು ನಿಂತಿತು. ಒಳಗೆ ಹೊಕ್ಕಿದ್ದು ಒಳಗೇ ಇತ್ತು. ಅವಳು ಕಡ್ಡಿಯಲ್ಲಿ ಒಂದೊಂದೇ ಇರುವೆಯನ್ನು ಬಿಡಿಸುತ್ತ ಕೂತಳು. ಮಧ್ಯಾಹ್ನ ಕಡ್ಡಿ ಕೆಳಗಿಟ್ಟಳು. ಗೂಡು ಬರಿಯ ಚಿಂದಿಯಾಗಿ ನೇತಾಡುತ್ತಿತ್ತು.

ಅಷ್ಟರಲ್ಲಿ ರಂಗನಾಯಕಮ್ಮ ಲೋಟ ಹಿಡಿದು ಬಂದರು. "ನಿನ್ನೆ ನೀನು ಬರ್ಲೇ ಇಲ್ವಲ್ಲೇ. ನಿಂಗೇಂತ ಎತ್ತಿಟ್ಟಿದ್ದೆ."

ನಾನು ತಡೆಯಲಾರದೆ ಅಂದೆ: "ನೀರು ಹಾಕ್ಬೇಡಿ ಅಂತ ಈ ಮಗು ಎಷ್ಟ್ ಸಲ ಹೇಳಿತ್ತು ಅಮ್ಮಾವ್ರೇ."

"ನೀರೆಲ್ಲಿ ಹಾಕಿದ್ವಿ? ಪ್ರಸಾದ ಕಣಯ್ಯ ಅದು. ಒಣಗಿ ಕಡ್ಡಿ ಆಗಿತ್ತು ಪಾಪ, ಅದಕ್ಕೂ ಒಂದು ಗುಟುಕು."

ಅವರ ಮುಖದಲ್ಲಿ ಮಮತೆ ಬಿಟ್ಟು ಬೇರೇನೂ ಇರಲಿಲ್ಲ. ಶಿವರಂಜಿನಿ ಒಮ್ಮೆ ನನ್ನನ್ನು ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು. ಬೂದಿಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಪಾನಕ ಕುಡಿದಳು.

"ಚೆನ್ನಾಗಿದೆ ಅಮ್ಮ," ಅಂದಳು.

ಅವರು ಹೋದ ಮೇಲೆ ಇಬ್ಬರೂ ಸೇರಿ ಚಪ್ಪರ ಬಿಚ್ಚಿದೆವು. "ಬೇರೆ ಕಡೆ ಹುಡುಕಬಹುದಲ್ವಾ?" ಎಂದೆ. ಅವಳು ಹಗ್ಗ ಸುತ್ತುತ್ತಲೇ ಇದ್ದಳು.

ಆ ಮಳೆಗಾಲ ತಂಗಡಿ ತುಂಬ ಹೂ ಬಂತು. ಮುಂದಿನ ರಾಮನವಮಿಗೆ ಪಾನಕ ಅಲ್ಲಿಗೇ ಹೋಯಿತು; ಅದೀಗ ಮಂದಿರದ ಪದ್ಧತಿ. ಜೇಡ ಮತ್ತೆ ಗೂಡು ಕಟ್ಟಲಿಲ್ಲ.

"ಆ ಹುಡುಗಿ ಬಂದ್ರೆ ಕಳ್ಸು ದೊರೆಸ್ವಾಮಿ," ರಂಗನಾಯಕಮ್ಮ ಬಟ್ಟೆ ಕೊಡಲು ಬಂದಾಗೆಲ್ಲ ಹೇಳುತ್ತಿದ್ದರು. "ಅವಳ ಗಿಡ ಹೇಗಾಗಿದೆ, ಬಂದು ನೋಡ್ಲಿ."

ನಾನು ಹೂಂಗುಟ್ಟಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ.