ಬಾಣಂತಿ ಗುಡಿಸಲಿಗೆ ಸಿಗ್ನಲ್

ನಿಡುಗಲ್ ಬೆಟ್ಟದ ಹಿಂದಿನ ಹಟ್ಟಿಯಲ್ಲಿ ಆ ಮಧ್ಯಾಹ್ನ ಇತ್ಯರ್ಥವಾಗಬೇಕಿದ್ದ ಘನವಾದ ಪ್ರಶ್ನೆ ಒಂದೇ: ಯಾವ ಆಂಟೆನಾ ಯಾವ ತೂತಿಗೆ? ಅಳಿಯ ಸುನಿಲ್‌ಕುಮಾರ್ ವೈ-ಫೈ ಡಬ್ಬಿ ಇದ್ದ ಕಂಬ ಹತ್ತಿದ್ದ. ಕೆಳಗೆ ಏಳೆಂಟು ಹಿರಿಯರು ಕತ್ತೆತ್ತಿ ಸಲಹೆ ಕೊಡುತ್ತಿದ್ದರು. ಬಲ್ಲವನೊಬ್ಬನೇ ಸುಮ್ಮನಿದ್ದ. ವೈ-ಫೈ ಕೆಲಸದ ಅಂಜನಪ್ಪ, ಅಂಗಳದ ಚಾಪೆಯ ಮೇಲೆ, ಹೂವಿನ ಕೆಳಗೆ. ಹಿಂದಿನ ಸಂಜೆ ಇವೇ ಎರಡು ಆಂಟೆನಾ ಬಿಚ್ಚಿ ಒರೆಸುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ.

ಅವನ ಮಗಳು, ಸುನಿಲನ ಹೆಂಡತಿ ಯಶೋದ ಇನ್ನೂರು ಮೀಟರ್ ದೂರದಲ್ಲಿದ್ದಳು. ಹೆತ್ತು ಒಂಬತ್ತು ದಿನ. ಸೂತಕ ಕಳೆಯುವವರೆಗೆ ಹಟ್ಟಿಯ ಹೊರಗಿನ ಗುಡಿಸಲೇ. ಅವಳು ಇತ್ತ ಬರುವಂತಿಲ್ಲ, ಹೆಣ ಅತ್ತ ಹೋಗುವಂತಿಲ್ಲ. ಬೆಟ್ಟದ ಮರೆಗೆ ಮೊಬೈಲ್ ಟವರ್ ಸಿಗದು. ಅಪ್ಪನ ಮುಖ ಕಾಣಲು ಈ ಕಂಬವೊಂದೇ ದಾರಿ.

“ವಿಡಿಯೋ ಹಿಡಿದು ಆಮೇಲೆ ತೋರ್ಸಿದ್ರೆ?” ಎಂದಿದ್ದ ಸುನಿಲ್.

“ಹೆಣದ ಮುಖ ಫೋನಾಗೆ ಉಳೀಬಾರ್ದು ಕಣ್ಲಾ. ನೋಡೋದಾದ್ರೆ ಈಗ್ಲೇ ನೋಡ್ಲಿ,” ಎಂದಿದ್ದ ಹಟ್ಟಿಯ ಯಜಮಾನ ಬೈಲಪ್ಪ.

ಈಗ ಸುನಿಲ್ ಮೇಲಿನಿಂದ ಕೂಗಿದ: “ಎರಡೂ ಒಂದೇ ಥರ ಅವೆ, ಯಜಮಾನ್ರೇ.”

“ಒಂದೇ ಥರ ಇದ್ಮೇಲೆ ಯಾವ್ದಾದ್ರೇನ್ಲಾ? ತಿರುಪಿ ಇಳಿ.”

*

ಹೆರಿಗೆಯ ಮಾರನೆಯ ದಿನ ಅಂಜನಪ್ಪ ಅದೇ ಕಂಬದ ಮೇಲಿಂದ ಗುಡಿಸಲಿಗೆ ಕೂಗಿದ್ದ.

“ಬಂತೇನವ್ವಾ?”

“ಬಂತಪ್ಪಾ! ಎರಡು ವೈ-ಫೈ ಹೆಸ್ರು ತೋರ್ಸ್ತೈತೆ!”

“ಟೂ ಪಾಯಿಂಟ್ ಫೋರ್ ಒತ್ತು. ಅದು ನನ್ನಂಗೆ, ನಿಧಾನ, ಆದ್ರೆ ದೂರ ಬತ್ತದೆ. ಫೈವ್ ನಿನ್ ಗಂಡನಂಗೆ. ಭಾರೀ ಸ್ಪೀಡು, ಗೋಡೆ ಕಂಡ್ರೆ ನಿಂತ್ಬುಡ್ತದೆ. ಒಂದೊಂದ್ಕೂ ಬೇರೆ ಆಂಟೆನಾ ಕಣವ್ವ. ಅದಲು ಬದಲಾದ್ರೆ ಕಂಬದ ಬುಡ ದಾಟಾಕಿಲ್ಲ.”

ಮೊಮ್ಮಗನನ್ನು ಅವನು ದಿನಾ ಫೋನಿನಲ್ಲೇ ನೋಡಿದ. ಎತ್ತಿಕೊಳ್ಳಲಿಲ್ಲ.

*

ಸುನಿಲ್ ಇಳಿದ. ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಕಂಬದ ಬುಡದಲ್ಲಿ ಫೋನಿನ ಸಿಗ್ನಲ್ ಗೆರೆಗಳೆಲ್ಲ ತುಂಬಿದವು. “ಫುಲ್ ಐತೆ!” ಹಿರಿಯರಿಗೆ ತಾವೇ ರಿಪೇರಿ ಮಾಡಿದಷ್ಟು ತೃಪ್ತಿಯಾಯಿತು. ಅಂಜನಪ್ಪನ ಹೆಂಡತಿ ಜುಂಜಮ್ಮ ಗಂಡನ ಮುಖದ ಮೇಲಿನ ಹೂ ಸರಿಸಿ, ಬಾಚಣಿಗೆ ತಂದು ತಲೆ ಬಾಚಿದಳು.

“ಮಗಳು ನೋಡ್ತಾಳೆ,” ಎಂದಳು.

ಕರೆ ಹೋಗಲಿಲ್ಲ.

“ಬತ್ತಿಲ್ಲಾ!” ಗುಡಿಸಲಿನಿಂದ ಯಶೋದಳ ದನಿ.

“ಇಲ್ಲಿ ಫುಲ್ ಐತೆ ಕಣೇ! ನಿನ್ ಫೋನೇ ಸರಿ ಇಲ್ಲ. ಆಫ್ ಮಾಡಿ ಆನ್ ಮಾಡು!” ಸುನಿಲ್ ಕೂಗಿದ.

ಅವಳು ಮೂರು ಸಲ ಆಫ್ ಮಾಡಿ ಆನ್ ಮಾಡಿದಳು.

“ಇನ್ನೊಂದ್ ಗಳಿಗೆ, ಯಜಮಾನ್ರೇ,” ಎಂದಳು ಜುಂಜಮ್ಮ.

“ಹೊತ್ತು ಮುಳುಗಾಕ್ ಮುಂಚೆ ಮಣ್ಣಾಗ್ಬೇಕು ಕಣಮ್ಮ. ಎತ್ರೋ.”

ಎತ್ತಿದರು.

ಮಣ್ಣು ಮುಗಿಸಿ ಬಂದ ಸುನಿಲ್ ಯಾರನ್ನೂ ಕೇಳದೆ ಮತ್ತೆ ಕಂಬ ಹತ್ತಿ ಎರಡನ್ನೂ ಅದಲು ಬದಲು ಮಾಡಿದ. ಇಳಿಯುವಷ್ಟರಲ್ಲಿ ಯಶೋದಳ ಕರೆ ಬಂತು. ಏನು ತೋರಿಸಬೇಕೋ ತಿಳಿಯದೆ ಜುಂಜಮ್ಮ ಫೋನನ್ನು ಅಂಗಳದತ್ತ ಹಿಡಿದಳು. ಅಂಜನಪ್ಪ ಮಲಗಿದ್ದ ಜಾಗವನ್ನು ಆಗಲೇ ಸಗಣಿ ಹಾಕಿ ಸಾರಿಸಿ, ಮೇಲೊಂದು ದೀಪ ಇಟ್ಟಿದ್ದರು.

ಚಿತ್ರ ಸ್ಪಷ್ಟವಾಗಿತ್ತು.