ಚಿಕ್ಕ ಬ್ಯಾಟರಿಯ ವೈರು

ಕಂಬಕ್ಕೆ ಗುದ್ದಿದ ಹೈಬ್ರಿಡ್ ಕಾರಿನಲ್ಲಿ ಮೇಷ್ಟ್ರ ಎದೆ ಸ್ಟೇರಿಂಗಿಗೆ ಸಿಕ್ಕಿ ಉಸಿರು ಕುಗ್ಗುತ್ತಿತ್ತು. ಅಗ್ನಿಶಾಮಕ ದಳದ ನಾಯಕಿ ಬಟನ್ ಒತ್ತಿ ಕಾರನ್ನು ಆರಿಸಿ, ಅದು ಮತ್ತೆ ಚಾಲೂ ಆಗದಂತೆ ಕೀಲಿಯನ್ನು ದೂರ ಕಳಿಸಿದಳು. ಅಷ್ಟರಲ್ಲಿ, ದಳದವರೆಲ್ಲ ಮಾವ ಎನ್ನುವ ಹಿರಿಯ, ದೊಡ್ಡ ಬ್ಯಾಟರಿಯ ಕರೆಂಟು ಹರಿಯದಂತೆ ಚಿಕ್ಕ ಬ್ಯಾಟರಿಯ ವೈರಿಗೆ ಕತ್ತರಿ ಇಟ್ಟಾಗಿತ್ತು.

"ಮಾವ, ತಡೀರಿ."

"ಮೊದಲು ವೈರು ಅಂತ ಪಾಠ ಮಾಡಿದವಳು ನೀನೇ ಅಲ್ವೇನಮ್ಮ? ಶಾಕ್ ಹೊಡೆದ್ರೆ ನಿಮ್ಮತ್ತೆಗೆ ಯಾರು ಉತ್ತರ ಹೇಳೋದು?"

"ನಾನೇ ಹೇಳ್ತೀನಿ. ಸೀಟು ಹಿಂದೆ ಸರಿಯೋದೂ ಅದೇ ಬ್ಯಾಟರಿಯಿಂದ. ಈಗ್ಲೇ ಕತ್ತರಿಸಿದ್ರೆ ಮೇಷ್ಟ್ರು ಅಲ್ಲೇ ಉಳೀತಾರೆ."

ಜಜ್ಜಿದ ಬಾಗಿಲ ಸಂದಿಯಲ್ಲಿ ತೋಳು ತೂರಿಸಿ ಅವಳು ಸೀಟಿನ ಗುಂಡಿಗಾಗಿ ತಡಕಿದಳು. ತಗಡು ತೋಳನ್ನು ಗೀರಿದರೂ ಕೈ ಹಿಂತೆಗೆಯಲಿಲ್ಲ. ಕೊನೆಗೆ ಗುಂಡಿ ಸಿಕ್ಕಿತು. ಸೀಟು ಗುರುಗುಟ್ಟುತ್ತ ಗೇಣುದ್ದ ಹಿಂದೆ ಸರಿಯಿತು. ಮೇಷ್ಟ್ರು ಎದೆತುಂಬ ಉಸಿರೆಳೆದರು.

"ಈಗ ಕತ್ತರಿಸಿ, ಮಾವ."